ಬಾಗಿಲ ಮುಂದಿನ ಗಾಡಿ ನಮ್ಮದೂ ಹೌದು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಿಸ್ಟರ್ ಒಬ್ಬರು ಮಾಡಿದ ಭಾಷಣ)



ಪ್ರತಿ ಸಲ ಸೇರಿದಾಗ ಉಳಿತಾಯ, ಸಾಲ, ಬಡ್ಡಿ, ನಡಾವಳಿ ಪುಸ್ತಕ ಅಂತ ಮಾತಾಡುತ್ತೇವೆ. ಇವತ್ತು ಅದೆಲ್ಲ ಬೇಡ. ಇವತ್ತಿನ ವಿಷಯ ಮೋಟಾರ್ ಸೈಕಲ್ಲಿನ ಕ್ಲಚ್ಚು ಮತ್ತು ಗೇರು. ನಗುತ್ತಿದ್ದೀರಿ, ನಗಿರಿ. ಆದರೆ ಮೊದಲು ನಾನು ಕೇಳುವ ಮೂರು ಪ್ರಶ್ನೆಗೆ ಕೈ ಎತ್ತಿ.

ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಬೈಕ್ ಇದೆ? ಹೆಚ್ಚುಕಮ್ಮಿ ಎಲ್ಲರ ಕೈಯೂ ಮೇಲಿದೆ. ಸರಿ. ಆ ಬೈಕ್ ತರುವಾಗ ಸಂಘದಿಂದ ಸಾಲ ತೆಗೆದುಕೊಟ್ಟವರು ಎಷ್ಟು ಜನ? ಅರ್ಧಕ್ಕಿಂತ ಹೆಚ್ಚು. ಈಗ ಮೂರನೆಯದು. ಆ ಬೈಕನ್ನು ಓಡಿಸಲು ಬರುವವರು ಎಷ್ಟು ಜನ? ನೋಡಿ, ಎಲ್ಲ ಕೈಯೂ ಕೆಳಗೆ ಬಂದವು. ಆ ಮೂಲೆಯಲ್ಲಿ ಎರಡು ಕೈ ಇವೆ. ಏನು ಓಡಿಸ್ತೀರಮ್ಮ? ಎಕ್ಸ್‌ಎಲ್ ಅಂತೆ. ಬಹಳ ಸಂತೋಷ. ನಿಮ್ಮಿಬ್ಬರಿಗೆ ಅರ್ಧ ಪಾಠ ಆಗಿಹೋಗಿದೆ.

ಕಂತು ಕಟ್ಟುವವರು ನಾವು. ಕಂತು ತಪ್ಪಿದರೆ ಸಂಘದಲ್ಲಿ ತಲೆ ತಗ್ಗಿಸುವವರು ನಾವು. ಆದರೆ ಬೀಗದ ಕೈ ಮಾತ್ರ ನಮ್ಮ ಹತ್ತಿರ ಇಲ್ಲ, ಕೊಟ್ಟರೂ ಏನು ಮಾಡಬೇಕು ಅಂತ ಗೊತ್ತಿಲ್ಲ. ಇದರ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ಒಂದು ಮನೆಯ ಕಥೆ

ನಮ್ಮ ಸಂಘದ ಒಬ್ಬ ತಂಗಿ. ಹೆಸರು ಬೇಡ, ಊರೂ ಬೇಡ. ಊರಿಂದ ಎರಡು ಕಿಲೋಮೀಟರ್ ದೂರ ಹೊಲದಲ್ಲೇ ಮನೆ ಮಾಡಿಕೊಂಡಿದ್ದಾರೆ. ಅವತ್ತು ಕೊಟ್ಟೂರು ಗುರುಬಸವೇಶ್ವರನ ತೇರು. ತೇರಿನ ದಿನ ನಮ್ಮ ಕಡೆ ಊರಲ್ಲಿ ಗಂಡಸರು ಯಾರಾದರೂ ಇರ್ತಾರೇನ್ರಿ? ಕೆಲವರು ಪಾದಯಾತ್ರೆ, ಕೆಲವರು ಟ್ರ್ಯಾಕ್ಟರ್, ಕೆಲವರು ಬೈಕ್. ಈ ತಂಗಿಯ ಗಂಡ ಗೆಳೆಯನ ಗಾಡಿಯಲ್ಲಿ ಹೋಗಿದ್ದ. ತನ್ನ ಬೈಕನ್ನು ಮನೆ ಮುಂದೆ ನಿಲ್ಲಿಸಿ, ಬೀಗದ ಕೈಯನ್ನು ಗೂಡಿನಲ್ಲಿಟ್ಟು ಹೋಗಿದ್ದ.

ಸಂಜೆ ಮೂರು ವರ್ಷದ ಮಗುವಿಗೆ ವಾಂತಿ ಭೇದಿ ಶುರುವಾಯಿತು. ಕತ್ತಲಾಗುವ ಹೊತ್ತಿಗೆ ಮಗುವಿನ ಕಣ್ಣು ಗುಳಿ ಬಿದ್ದಿದ್ದವು, ಅಳುವುದಕ್ಕೂ ಶಕ್ತಿ ಇಲ್ಲ. 108ಕ್ಕೆ ಫೋನ್ ಮಾಡಿದಳು. ಆಂಬುಲೆನ್ಸ್ ಊರ ರಸ್ತೆ ತನಕ ಬರುತ್ತದೆ, ಹೊಲದ ಬದುವಿನ ಮೇಲೆ ಬರುವುದಿಲ್ಲ. ಅತ್ತೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಬೈಕಿನ ಹಿಂದೆ ಕೂರುವುದಕ್ಕೆ ತಯಾರಾಗಿ ನಿಂತಿದ್ದಳಂತೆ. ಮುಂದೆ ಕೂರುವವರು ಯಾರು?

ಆ ತಂಗಿ ನನಗೆ ಹೇಳಿದ ಮಾತು ಇದು: "ಸಿಸ್ಟರ್, ಗಾಡಿ ಐತೆ, ಪೆಟ್ರೋಲ್ ಐತೆ, ಚಾವಿ ಕೈಯಾಗೈತೆ. ಅದನ್ನ ಮುಟ್ಟಿ ನೋಡಿದೆ, ಕಲ್ಲು ಮುಟ್ಟಿದಂಗ ಆತು."

ಎರಡು ಕಿಲೋಮೀಟರ್ ಕತ್ತಲಲ್ಲಿ ಮಗುವನ್ನು ಎತ್ತಿಕೊಂಡು ಅತ್ತೆ ಸೊಸೆ ನಡೆದರು. ದೇವರ ದಯೆ, ಆಂಬುಲೆನ್ಸ್ ಕಾಯುತ್ತಿತ್ತು, ಮಗು ಉಳಿಯಿತು. ಈಗ ಅದು ಅಂಗನವಾಡಿಗೆ ಹೋಗುತ್ತಿದೆ. ಆದರೆ ಆ ಎರಡು ಕಿಲೋಮೀಟರನ್ನು ಅವಳು ಇವತ್ತಿಗೂ ಮರೆತಿಲ್ಲ.

"ಈಗ ಬಸ್ ಪುಕ್ಕಟೆ ಐತಲ್ಲ ಸಿಸ್ಟರ್, ಬೈಕ್ ಯಾಕೆ" ಅಂತ ಕೆಲವರು ಕೇಳುತ್ತೀರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ಇಲ್ಲ, ನಿಜ. ಆದರೆ ಬಸ್ಸು ಹೊಲಕ್ಕೆ ಬರುವುದಿಲ್ಲ. ಎಷ್ಟೋ ತಾಂಡಾಗಳಿಗೆ ದಿನಕ್ಕೆ ಒಂದು ಸಲ, ಎರಡು ಸಲ ಬಂದರೆ ಹೆಚ್ಚು. ಹಡಗಲಿ ಕಡೆಯ ಅಕ್ಕಂದಿರನ್ನು ಕೇಳಿ. ಮಲ್ಲಿಗೆ ಮೊಗ್ಗು ಬೆಳಕು ಹರಿಯುವ ಮೊದಲೇ ಬಿಡಿಸಬೇಕು, ಅರಳುವ ಮೊದಲೇ ಮಾರ್ಕೆಟ್ ಮುಟ್ಟಬೇಕು. ಬಿಡಿಸುವ ಬೆರಳು ಹೆಂಗಸರದು. ಮೊಗ್ಗಿನ ಚೀಲ ಒಯ್ಯುವುದಕ್ಕೆ ಮಾತ್ರ ಮನೆಯ ಗಂಡಸು ಏಳುವ ತನಕ ಕಾಯಬೇಕು. ಮೊಗ್ಗು ನಮ್ಮನ್ನು ಕಾಯುತ್ತದೆಯೇ?

ನಾನು ಕಲಿತದ್ದು ಹೇಗೆ

ನಾನು ಕರಾವಳಿ ಕಡೆಯಿಂದ ಈ ಬಯಲುಸೀಮೆಗೆ ಬಂದವಳು. ಸಮಾಜ ಕಾರ್ಯದಲ್ಲಿ ಮಾಸ್ಟರ್ ಡಿಗ್ರಿ ಮಾಡಿದ್ದೆ. ಸಮುದಾಯ ಸಂಘಟನೆ, ಸಮೀಕ್ಷೆ ಎಲ್ಲ ಓದಿದ್ದೆ. ಇಲ್ಲಿ ಬಂದ ಮೇಲೆ ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಹೋಗಬೇಕಾದರೆ ಯಾರಾದರೂ ಬಿಡಬೇಕು, ಯಾರಾದರೂ ಕರೆದುಕೊಂಡು ಬರಬೇಕು. ಸಂಘದ ಸಭೆ ರಾತ್ರಿ ಎಂಟಕ್ಕೆ ಮುಗಿದರೆ, ನನ್ನನ್ನು ಬಿಡುವುದೇ ಊರಿಗೆ ಒಂದು ಕೆಲಸ. ಹೆಂಗಸರು ಸ್ವಂತ ಕಾಲ ಮೇಲೆ ನಿಲ್ಲಬೇಕು ಅಂತ ಭಾಷಣ ಮಾಡಿ, ನಾನು ಇನ್ನೊಬ್ಬರ ಗಾಡಿ ಹಿಂದೆ ಕೂತು ಹೋಗುತ್ತಿದ್ದೆ.

ನಮ್ಮ ಕೇಂದ್ರದಲ್ಲಿ ಒಂದು ಹಳೆ ಮೋಟಾರ್ ಸೈಕಲ್ ಇತ್ತು. ಒಂದು ದಿನ ಜೀಪ್ ಡ್ರೈವರ್ ಅಣ್ಣನಿಗೆ ಕಲಿಸಿಕೊಡಿ ಅಂದೆ. ಅವರು ಹಿಂದೆ ನಿಂತು, "ಕ್ಲಚ್ ಹಿಡೀರಿ, ಗೇರ್ ಹಾಕ್ರಿ, ಈಗ ಬಿಡ್ರಿ" ಅಂದರು. ನಾನು ವಿಧೇಯಳಾಗಿ ಬಿಟ್ಟೆ, ಪೂರ್ತಿ ಬಿಟ್ಟೆ, ಒಂದೇ ಸಲಕ್ಕೆ ಬಿಟ್ಟೆ! ಗಾಡಿ ಹೋರಿ ಹಾರಿದ ಹಾಗೆ ಹಾರಿ, ನನ್ನನ್ನು ಕರೆದುಕೊಂಡು ಹೋಗಿ ತಿಪ್ಪೆಯಲ್ಲಿ ನಿಂತಿತು. ಪೆಟ್ಟಾಗಲಿಲ್ಲ, ಮರ್ಯಾದೆ ಮಾತ್ರ ಹೋಯಿತು. ಸುತ್ತ ನಿಂತ ಮಕ್ಕಳು ಒಂದು ವಾರ ನಕ್ಕರು.

ಆಗ ಅಲ್ಲೇ ಕೂತಿದ್ದ ಒಬ್ಬ ಅಜ್ಜಿ ಒಂದು ಮಾತು ಹೇಳಿದಳು. "ಮಲಗಿದ ಕೂಸಿನ ತೆಲಿ ಕೆಳಗಿಂದ ಕೈ ತಗೀತಾರಲ್ಲ, ಹಂಗ ಬಿಡಬೇಕೇನೋ ಅದನ್ನ." ಆ ಅಜ್ಜಿ ಜೀವನದಲ್ಲಿ ಬೈಕ್ ಮುಟ್ಟಿದವಳಲ್ಲ. ಡ್ರೈವರ್ ಅಣ್ಣ, "ಕರೆಕ್ಟ್ ಹೇಳಿದ್ಲು ನೋಡ್ರಿ ಅಮ್ಮ" ಅಂದರು. ಮರುದಿನ ಹಾಗೇ ಬಿಟ್ಟೆ. ಗಾಡಿ ಹಾರಲಿಲ್ಲ, ನಡೆಯಿತು.

ನಿಮಗೆ ಈ ಕೆಲಸ ನನಗಿಂತ ಚೆನ್ನಾಗಿ ಗೊತ್ತು. ಕೂಸು ನಿದ್ದೆ ಹೋಗಿದೆ, ನಿಮ್ಮ ತೋಳು ಅದರ ತಲೆ ಕೆಳಗಿದೆ, ಒಲೆ ಮೇಲೆ ಸಾರು ಕುದಿಯುತ್ತಿದೆ. ಕೈ ಹೇಗೆ ತೆಗೆಯುತ್ತೀರಿ? ಮೊದಲು ಸ್ವಲ್ಪ, ಆಮೇಲೆ ನಿಂತು ನೋಡಿ, ಆಮೇಲೆ ಇನ್ನೂ ಸ್ವಲ್ಪ. ಕ್ಲಚ್ ಅಂದರೆ ಅಷ್ಟೇ. ಉಳಿದದ್ದೆಲ್ಲ ಅಭ್ಯಾಸ.

ಕ್ಲಚ್ ಒಳಗೆ ಏನಿದೆ

ಯಾಕೆ ಬೇಕು ಈ ಕ್ಲಚ್ಚು? ಎಂಜಿನ್ ಚಾಲೂ ಆದ ಮೇಲೆ, ಗಾಡಿ ನಿಂತಲ್ಲೇ ನಿಂತಿದ್ದರೂ, ಅದು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ಹಿಂದಿನ ಚಕ್ರ ನಿಂತಿದೆ. ತಿರುಗುವುದನ್ನು ನಿಂತದ್ದಕ್ಕೆ ಒಮ್ಮೆಲೇ ಕಟ್ಟಿದರೆ ಏನಾಗುತ್ತದೆ? ಗಾಡಿ ಹಾರುತ್ತದೆ, ಇಲ್ಲವೇ ಎಂಜಿನ್ ಬಂದ್ ಆಗುತ್ತದೆ. ಎರಡನ್ನೂ ನಿಧಾನಕ್ಕೆ ಹೊಂದಿಸುವುದಕ್ಕೆ ನಡುವೆ ಒಬ್ಬರು ಬೇಕು. ಅದೇ ಕ್ಲಚ್.

ಹೊಲಿಗೆ ಮಷಿನ್ ತುಳಿಯುವವರು ಇಲ್ಲಿ ಬಹಳ ಜನ ಇದ್ದೀರಿ. ಬಾಬಿನ್‌ಗೆ ದಾರ ಸುತ್ತುವಾಗ ಏನು ಮಾಡುತ್ತೀರಿ? ಮೇಲಿನ ಚಕ್ರದ ನಡುವಿನ ತಿರುಪು ಸಡಿಲ ಮಾಡುತ್ತೀರಿ. ಆಗ ಚಕ್ರ ತಿರುಗುತ್ತದೆ, ಸೂಜಿ ನಿಂತೇ ಇರುತ್ತದೆ. ತಿರುಪು ಬಿಗಿ ಮಾಡಿದರೆ ಸೂಜಿ ಮತ್ತೆ ಏಳುತ್ತದೆ, ಇಳಿಯುತ್ತದೆ. ಅದೂ ಒಂದು ಕ್ಲಚ್ಚೇ! ನಿಮಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಬೈಕಿನಲ್ಲಿ ತಿರುಪಿನ ಬದಲು ಪ್ಲೇಟುಗಳಿವೆ. ಜೋಳದ ರೊಟ್ಟಿ ಒಂದರ ಮೇಲೆ ಒಂದು ಒಟ್ಟಿದ ಹಾಗೆ ಇರುತ್ತವೆ. ಒಂದು ಹಿಡಿತದ ಪಟ್ಟಿ ಅಂಟಿಸಿದ ಪ್ಲೇಟು, ಅದರ ಪಕ್ಕ ಒಂದು ಬರೀ ಉಕ್ಕಿನ ಪ್ಲೇಟು, ಮತ್ತೆ ಪಟ್ಟಿಯದು, ಮತ್ತೆ ಉಕ್ಕಿನದು. ಒಂದು ಜಾತಿಯವು ಎಂಜಿನ್ ಜೊತೆ ತಿರುಗುತ್ತವೆ, ಇನ್ನೊಂದು ಜಾತಿಯವು ಗೇರ್ ಜೊತೆ. ಸ್ಪ್ರಿಂಗುಗಳು ಅವನ್ನೆಲ್ಲ ಒತ್ತಿ ಹಿಡಿದಿರುತ್ತವೆ. ಎಡಗೈಯಲ್ಲಿ ಕ್ಲಚ್ ಹಿಡಿದಾಗ ಒತ್ತಡ ಬಿಟ್ಟು, ಪ್ಲೇಟುಗಳು ಸಡಿಲ ಆಗುತ್ತವೆ. ಆಗ ಎಂಜಿನ್ ತನ್ನಷ್ಟಕ್ಕೆ, ಚಕ್ರ ತನ್ನಷ್ಟಕ್ಕೆ. ಕೈ ಬಿಟ್ಟಾಗ ಒತ್ತಿಕೊಂಡು ಒಟ್ಟಿಗೆ ತಿರುಗುತ್ತವೆ. ನಡುವೆ ಒಂದು ಜಾಗ ಇದೆ, ಅಲ್ಲಿ ಪ್ಲೇಟುಗಳು ಜಾರುತ್ತ ಜಾರುತ್ತ ಹಿಡಿಯುತ್ತವೆ. ಅದಕ್ಕೆ ಹಾಫ್ ಕ್ಲಚ್ ಅನ್ನುತ್ತಾರೆ. ಬೈಕ್ ಕಲಿಯುವುದು ಅಂದರೆ ನಮ್ಮ ಗಾಡಿಯಲ್ಲಿ ಆ ಜಾಗ ಎಲ್ಲಿದೆ ಅಂತ ಎಡಗೈಗೆ ಗೊತ್ತಾಗುವುದು.

ಎಕ್ಸ್‌ಎಲ್‌ಗೂ, ಗೇರಿಲ್ಲದ ಸ್ಕೂಟರಿಗೂ ಕ್ಲಚ್ ಇದೆ. ಆದರೆ ಎಂಜಿನ್ ಜೋರಾದಾಗ ಅದು ತಾನೇ ಹಿಡಿದುಕೊಳ್ಳುತ್ತದೆ, ನಿಧಾನವಾದಾಗ ತಾನೇ ಬಿಡುತ್ತದೆ. ಅದಕ್ಕೇ ಅವು ಸುಲಭ. ಸ್ಕೂಟರ್ ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ. ಆದರೆ ಮನೆ ಮುಂದೆ ಒಂದು ಗಾಡಿ ಇರುವಾಗ ಇನ್ನೊಂದಕ್ಕೆ ಸಾಲ ಮಾಡುವುದಕ್ಕಿಂತ, ಇರುವುದನ್ನು ಕಲಿಯುವುದು ಲಾಭ.

ಇನ್ನು ಗೇರು. ಮೊದಲ ಗೇರಿನಲ್ಲಿ ಗಾಡಿಗೆ ಶಕ್ತಿ ಜಾಸ್ತಿ, ಓಟ ಕಮ್ಮಿ. ಮೇಲಿನ ಗೇರಿನಲ್ಲಿ ಓಟ ಜಾಸ್ತಿ, ಶಕ್ತಿ ಕಮ್ಮಿ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತಾಗ ಮೊದಲ ಹೆಜ್ಜೆ ಸಣ್ಣದಾಗಿ ಇಡುತ್ತೀರಿ. ನಡಿಗೆ ಹದಕ್ಕೆ ಬಂದ ಮೇಲೆ ದೊಡ್ಡ ಹೆಜ್ಜೆ. ಏರು ಬಂದಾಗ ಮತ್ತೆ ಸಣ್ಣ ಹೆಜ್ಜೆ. ಗಾಡಿಯೂ ಹಾಗೇ.

ಕಲಿಯುವ ಕ್ರಮ

ಎಲ್ಲಿ ಕಲಿಯಬೇಕು? ಸುಗ್ಗಿ ಮುಗಿದ ಮೇಲೆ ಖಾಲಿ ಇರುವ ಕಣ ಬಹಳ ಒಳ್ಳೆಯದು. ಇಲ್ಲದಿದ್ದರೆ ರಜೆ ದಿನ ಶಾಲೆಯ ಬಯಲು. ರಸ್ತೆ ಮಾತ್ರ ಬೇಡ. ಪಕ್ಕದಲ್ಲಿ ಲೈಸೆನ್ಸ್ ಇರುವ, ತಾಳ್ಮೆ ಇರುವ ಒಬ್ಬರು ಇರಲಿ. ಗಂಡನೇ ಕಲಿಸಬೇಕು ಅಂತಿಲ್ಲ. ಕಲಿಸುವಾಗ ಜಗಳ ಆಗುತ್ತದೆ ಅನ್ನಿಸಿದರೆ ತಮ್ಮ, ಮೈದುನ, ಅಣ್ಣನ ಮಗ ಯಾರಾದರೂ ಆದೀತು. ತಲೆಗೆ ಹೆಲ್ಮೆಟ್ ಮೊದಲ ದಿನದಿಂದಲೇ. ಬಟ್ಟೆ ಚೂಡಿದಾರ ಇರಲಿ, ಸೀರೆಯಾದರೆ ಕಚ್ಚೆ ಹಾಕಿ. ಸೆರಗು, ವೇಲು ಎರಡನ್ನೂ ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಚೈನಿಗೆ, ಚಕ್ರಕ್ಕೆ ಸೆರಗು ಸಿಕ್ಕು ಕುತ್ತಿಗೆಗೆ ಬಂದದ್ದು ನಮ್ಮ ಕಡೆ ಯಾರಿಗೂ ಹೊಸ ಸುದ್ದಿ ಅಲ್ಲ.

ಮೊದಲ ದಿನ ಎಂಜಿನ್ ಚಾಲೂ ಮಾಡಬೇಡಿ. ಗಾಡಿ ಮೇಲೆ ಕೂತು ಎರಡೂ ಕಾಲು ನೆಲಕ್ಕೆ ಊರಿ, ಭಾರ ಎಷ್ಟಿದೆ ನೋಡಿ. ಎಡಗೈಯಲ್ಲಿ ಕ್ಲಚ್, ಬಲಗೈಯಲ್ಲಿ ರೇಸ್ ಮತ್ತು ಮುಂದಿನ ಬ್ರೇಕ್, ಎಡಗಾಲಲ್ಲಿ ಗೇರ್, ಬಲಗಾಲಲ್ಲಿ ಹಿಂದಿನ ಬ್ರೇಕ್. ಇದು ಬಾಯಿಪಾಠ ಆಗಬೇಕು. ಗೇರ್ ಹಾಕುವ ರೀತಿ ಎಲ್ಲ ಗಾಡಿಯಲ್ಲಿ ಒಂದೇ ಅಲ್ಲ. ಕೆಲವು ಗಾಡಿಯಲ್ಲಿ ಎಲ್ಲ ಗೇರೂ ಒಂದೇ ದಿಕ್ಕಿಗೆ. ಕೆಲವು ಗಾಡಿಯಲ್ಲಿ ಮೊದಲನೆಯದು ಕೆಳಗೆ, ಉಳಿದವು ಮೇಲೆ. ನಿಮ್ಮ ಗಾಡಿಯದು ಹೇಗೆ ಅಂತ ಕೇಳಿಕೊಳ್ಳಿ.

ಎರಡನೆಯ ಪಾಠ. ಸೈಡ್ ಸ್ಟ್ಯಾಂಡ್ ಮೇಲೆತ್ತಿ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ. ಕ್ಲಚ್ ಪೂರ್ತಿ ಹಿಡಿದು ಮೊದಲ ಗೇರ್ ಹಾಕಿ. ರೇಸ್ ಕೊಡಬೇಡಿ. ಈಗ ಎಡಗೈಯನ್ನು ಕೂಸಿನ ತಲೆ ಕೆಳಗಿಂದ ತೆಗೆದ ಹಾಗೆ ನಿಧಾನಕ್ಕೆ ಬಿಡುತ್ತ ಬನ್ನಿ. ಒಂದು ಜಾಗದಲ್ಲಿ ಎಂಜಿನ್ನಿನ ಸದ್ದು ಸ್ವಲ್ಪ ತಗ್ಗುತ್ತದೆ, ಗಾಡಿ ಮುಂದಕ್ಕೆ ಮಿಸುಕುತ್ತದೆ. ಅಲ್ಲೇ ನಿಲ್ಲಿಸಿ. ಮತ್ತೆ ಹಿಡಿಯಿರಿ. ಮತ್ತೆ ಬಿಡಿ. ಇದನ್ನೇ ಇಪ್ಪತ್ತು ಸಲ ಮಾಡಿ. ಬೇಸರ ಬೇಡ. ಈ ಇಪ್ಪತ್ತು ಸಲದಲ್ಲೇ ಅರ್ಧ ವಿದ್ಯೆ ಇದೆ.

ಮೂರನೆಯ ಪಾಠ. ಆ ಜಾಗ ಸಿಕ್ಕಿದ ಮೇಲೆ ಸ್ವಲ್ಪವೇ ರೇಸ್ ಕೊಟ್ಟು, ಕಾಲು ನೆಲಕ್ಕೆ ತಾಗಿಸಿಕೊಂಡೇ ಹತ್ತು ಹೆಜ್ಜೆ ಹೋಗಿ. ನಿಲ್ಲಿಸುವಾಗ ರೇಸ್ ಬಿಟ್ಟು, ಕ್ಲಚ್ ಪೂರ್ತಿ ಹಿಡಿದು, ಬ್ರೇಕ್ ಹಾಕಿ. ಗಾಬರಿಯಾದರೆ ಒಂದೇ ಮಾತು ನೆನಪಿಡಿ: ಎಡಗೈ ಮುಚ್ಚು. ಕ್ಲಚ್ ಹಿಡಿದರೆ ಎಂಜಿನ್ ಎಷ್ಟು ಕೂಗಿದರೂ ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ನಾನು ತಿಪ್ಪೆಗೆ ಹೋದದ್ದು ಇದು ಗೊತ್ತಿಲ್ಲದೆ.

ನಾಲ್ಕನೆಯದು ಗೇರ್ ಬದಲಿಸುವುದು. ಐದು ಮಾತಿನ ಒಂದು ಲಯ ಇದೆ. ರೇಸ್ ಬಿಡು, ಕ್ಲಚ್ ಹಿಡಿ, ಗೇರ್ ಹಾಕು, ಕ್ಲಚ್ ಬಿಡು, ರೇಸ್ ಕೊಡು. ಕೋಲಾಟದ ಹೆಜ್ಜೆ ಇದ್ದಂತೆ, ಒಂದು ಮುಂದಾದರೆ ಎಲ್ಲ ತಪ್ಪುತ್ತದೆ. ರೇಸ್ ಬಿಡದೆ ಕ್ಲಚ್ ಹಿಡಿದರೆ ಎಂಜಿನ್ ಕೂಗುತ್ತದೆ. ಕ್ಲಚ್ ಪೂರ್ತಿ ಹಿಡಿಯದೆ ಗೇರ್ ಒತ್ತಿದರೆ ಒಳಗೆ ಕಟಕಟ ಅನ್ನುತ್ತದೆ. ಕ್ಲಚ್ ಫಟ್ ಅಂತ ಬಿಟ್ಟರೆ ಹಿಂದೆ ಕೂತವರ ತಲೆ ನಿಮ್ಮ ಬೆನ್ನಿಗೆ ಬಡಿಯುತ್ತದೆ. ಸದ್ದಿಲ್ಲದೆ, ಜಗ್ಗಿಲ್ಲದೆ ಗೇರ್ ಬಿದ್ದರೆ ಕಲಿತಂತೆ. ಗೇರ್ ಹಾಕುವಾಗ ಕಾಲ ಕಡೆ ನೋಡಬೇಡಿ, ದಾರಿ ಕಡೆ ನೋಡಿ. ರೊಟ್ಟಿ ತಟ್ಟುವಾಗ ಕೈ ನೋಡಿಕೊಂಡು ತಟ್ಟುತ್ತೀರೇನು?

ಯಾವಾಗ ಬದಲಿಸಬೇಕು ಅಂತ ಎಂಜಿನ್ನೇ ಹೇಳುತ್ತದೆ. ಜೋರಾಗಿ ಕೂಗಿದರೆ ಮೇಲಿನ ಗೇರ್ ಕೇಳುತ್ತಿದೆ. ಗಡಗಡ ಅಂತ ನಡುಗಿದರೆ ಕೆಳಗಿನ ಗೇರ್ ಕೇಳುತ್ತಿದೆ. ಮಗುವಿನ ಅಳು ಹಸಿವಿಗೋ ನಿದ್ದೆಗೋ ಅಂತ ಗೊತ್ತಾಗುವ ನಿಮಗೆ ಇದು ಎರಡು ದಿನದಲ್ಲಿ ಗೊತ್ತಾಗುತ್ತದೆ.

ಇಳಿಸುವಾಗ ಇನ್ನೂ ನಿಧಾನ. ಮೊದಲು ಬ್ರೇಕಿನಿಂದ ಓಟ ಕಮ್ಮಿ ಮಾಡಿ, ಆಮೇಲೆ ಒಂದೊಂದೇ ಗೇರ್ ಇಳಿಸಿ. ಜೋರು ಓಟದಲ್ಲಿ ಕೆಳಗಿನ ಗೇರ್ ಹಾಕಿ ಕ್ಲಚ್ ಬಿಟ್ಟರೆ ಹಿಂದಿನ ಚಕ್ರ ಜಾರುತ್ತದೆ. ಮರಳಿನ ದಾರಿಯಲ್ಲಿ, ಮಳೆಗಾಲದ ಎರೆ ಮಣ್ಣಿನಲ್ಲಿ ಅಂತೂ ಬಿದ್ದೇ ಬೀಳುತ್ತೀರಿ.

ಕೊನೆಯದು ಕೆರೆ ಏರಿ ಹತ್ತುವ ಪಾಠ. ಏರಿನಲ್ಲಿ ನಿಂತು ಹೊರಡುವಾಗ ಗಾಡಿ ಹಿಂದಕ್ಕೆ ಜಾರುತ್ತದೆ ಅಂತ ಎಲ್ಲರಿಗೂ ಭಯ. ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಕ್ಲಚ್ಚನ್ನು ಹಾಫ್ ಜಾಗಕ್ಕೆ ತನ್ನಿ, ಸ್ವಲ್ಪ ರೇಸ್ ಕೊಡಿ. ಗಾಡಿ ಮುಂದಕ್ಕೆ ಎಳೆಯುವುದು ಗೊತ್ತಾದ ಮೇಲೆ ಬ್ರೇಕ್ ಬಿಡಿ. ಇಳಿಯುವಾಗ ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುವುದು, ಕ್ಲಚ್ ಹಿಡಿದೇ ಇಳಿಯುವುದು ತಪ್ಪು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಇಳಿಯಿರಿ. ಇಳಿಜಾರಿನಲ್ಲಿ ಎತ್ತು ಹಿಂದಕ್ಕೆ ಒತ್ತಿ ಬಂಡಿಯನ್ನು ತಡೆದ ಹಾಗೆ, ಎಂಜಿನ್ ಚಕ್ರವನ್ನು ತಡೆಯುತ್ತದೆ.

ಸುಟ್ಟ ಪ್ಲೇಟಿನ ಲೆಕ್ಕ

ಉಳಿತಾಯದ ಮಾತು ಬೇಡ ಅಂದೆ, ಆದರೆ ಬಿಡುವುದಕ್ಕಾಗುತ್ತಿಲ್ಲ. ಮನೆಯ ಗಂಡುಮಕ್ಕಳು ಓಡಿಸುವಾಗಲೂ ಗಮನಿಸಿ. ನಾಲ್ಕು ಬೆರಳು ಯಾವಾಗಲೂ ಕ್ಲಚ್ ಮೇಲೆ ಇಟ್ಟುಕೊಂಡೇ ಓಡಿಸುತ್ತಾರೆ. ಏರಿನಲ್ಲಿ ಬ್ರೇಕ್ ಹಾಕದೆ, ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಂಡು ಮಾತಾಡುತ್ತಾರೆ. ಅಷ್ಟು ಹೊತ್ತೂ ಪ್ಲೇಟು ಜಾರುತ್ತಿರುತ್ತವೆ, ಸವೆಯುತ್ತಿರುತ್ತವೆ, ಸುಡುತ್ತಿರುತ್ತವೆ. ರೇಸ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಅಂದರೆ ಪ್ಲೇಟು ಹೋಗಿವೆ ಅಂತ ತಿಳಿಯಿರಿ. ಗ್ಯಾರೇಜಿಗೆ ಕೊಡುವ ಆ ದುಡ್ಡು ಎಲ್ಲಿಂದ ಬರುತ್ತದೆ? ಸಂಘದಿಂದ!

ಕ್ಲಚ್ ಹಿಡಿಯುವಾಗ ಮೊದಲು ಒಂದು ಬೆರಳ ದಪ್ಪ, ಅಂದರೆ ಒಂದರಿಂದ ಎರಡು ಸೆಂಟಿಮೀಟರ್, ಸಡಿಲ ಇರಬೇಕು. ಏನೂ ಸಡಿಲ ಇಲ್ಲದಿದ್ದರೆ ಕೈ ಬಿಟ್ಟರೂ ಪ್ಲೇಟು ಪೂರ್ತಿ ಹಿಡಿಯುವುದಿಲ್ಲ. ಬಹಳ ಸಡಿಲ ಇದ್ದರೆ ಪೂರ್ತಿ ಬಿಡುವುದಿಲ್ಲ, ಗೇರ್ ಬೀಳುವುದಿಲ್ಲ. ಮೆಕ್ಯಾನಿಕ್‌ಗೆ ಹೇಳಿದರೆ ಐದು ನಿಮಿಷದ ಕೆಲಸ. ಕ್ಲಚ್ ವೈರಿನ ಎಳೆ ಬಿಟ್ಟಿದ್ದರೆ, ದಾರಿಯಲ್ಲಿ ಕಡಿಯುವ ಮೊದಲೇ ಬದಲಿಸಿ. ಸಾಮಾನ್ಯ ಬೈಕಿನಲ್ಲಿ ಈ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಆದ್ದರಿಂದ ಗಾಡಿಯ ಪುಸ್ತಕದಲ್ಲಿ ಹೇಳಿದ ಬೈಕ್ ಆಯಿಲ್ಲೇ ಹಾಕಿಸಿ, ಹೊತ್ತಿಗೆ ಸರಿಯಾಗಿ ಬದಲಿಸಿ.

ಲೈಸೆನ್ಸ್ ಇಲ್ಲದೆ ಬೇಡ

ಕಣದಲ್ಲಿ ಕಲಿತೆ ಅಂತ ನೇರ ಹೆದ್ದಾರಿಗೆ ಹೋಗಬೇಡಿ. ಕೂಡ್ಲಿಗಿ ಮೇಲೆ ಹೋಗುವ ಹೊಸಪೇಟೆ–ಚಿತ್ರದುರ್ಗ ಹೆದ್ದಾರಿಯಲ್ಲಿ ಲಾರಿಗಳ ಓಟ ನೀವು ನೋಡಿದ್ದೀರಿ. ಹದಿನೆಂಟು ತುಂಬಿದವರು ಮೊದಲು ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್ ತೆಗೆದುಕೊಳ್ಳಬೇಕು. ಅದು ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ಎಲ್‌ಎಲ್ ಇರುವಾಗ ಗಾಡಿಗೆ ಹಿಂದೆ ಮುಂದೆ ಕೆಂಪು ಎಲ್ ಅಕ್ಷರ ಇರಬೇಕು, ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸುವಂತಿಲ್ಲ. ಅರ್ಜಿ ತುಂಬುವಾಗ ಗೇರ್ ಇರುವ ಮೋಟಾರ್ ಸೈಕಲ್ ಅಂತಲೇ ಬರೆಸಿ. ಗೇರಿಲ್ಲದ ಗಾಡಿಯ ಲೈಸೆನ್ಸಿನಲ್ಲಿ ಗೇರಿನ ಗಾಡಿ ಓಡಿಸುವಂತಿಲ್ಲ.

"ನಾನು ಓದಿಲ್ಲ, ನನಗೆ ಯಾರು ಲೈಸೆನ್ಸ್ ಕೊಡ್ತಾರೆ" ಅಂತ ಒಬ್ಬ ಅಕ್ಕ ಕೇಳಿದರು. ಸ್ವಂತ ಬೈಕ್ ಓಡಿಸುವುದಕ್ಕೆ ಇಷ್ಟೇ ಕ್ಲಾಸು ಓದಿರಬೇಕು ಅಂತ ನಿಯಮ ಇಲ್ಲ. ಎಂಟನೇ ಕ್ಲಾಸಿನ ನಿಯಮ ಇದ್ದದ್ದು ಬಾಡಿಗೆ, ಸಾಗಣೆ ಗಾಡಿ ಓಡಿಸುವವರಿಗೆ. 2019ರಲ್ಲಿ ಅದನ್ನೂ ತೆಗೆದರು. ಆದರೆ ರಸ್ತೆ ಚಿಹ್ನೆಗಳು ಗೊತ್ತಿರಬೇಕು. ಸಂಘದಲ್ಲಿ ಓದು ಬಲ್ಲ ಹುಡುಗಿಯರು ಅವನ್ನು ಉಳಿದವರಿಗೆ ಹೇಳಿಕೊಡಲಿ.

ಹೆಲ್ಮೆಟ್ ಓಡಿಸುವವರಿಗೂ ಬೇಕು, ಹಿಂದೆ ಕೂರುವವರಿಗೂ ಬೇಕು. ನಮ್ಮ ರಾಜ್ಯದಲ್ಲಿ 2016ರಿಂದ ಇಬ್ಬರಿಗೂ ಕಡ್ಡಾಯ. ಇನ್ನೊಂದು ಮಾತು ತಾಯಂದಿರಿಗೆ. ಹದಿನಾರು ಹದಿನೇಳರ ಮಗ ಹಠ ಮಾಡಿದ ಅಂತ ಬೀಗದ ಕೈ ಕೊಡಬೇಡಿ. 2019ರ ತಿದ್ದುಪಡಿ ಆದ ಮೇಲೆ, ವಯಸ್ಸು ತುಂಬದ ಮಕ್ಕಳು ಓಡಿಸಿ ಅಪರಾಧ ಆದರೆ ಪೋಷಕರಿಗೇ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು ಅಂತ ಕಾನೂನು ಹೇಳುತ್ತದೆ. ದಂಡಕ್ಕಿಂತ ದೊಡ್ಡದು ಮಗನ ಜೀವ.

ಊರು ಏನಂತೈತೆ?

ಕೊನೆಗೆ ಎಲ್ಲರೂ ಇಲ್ಲಿಗೇ ಬರುತ್ತೀರಿ, ನನಗೆ ಗೊತ್ತು. "ಹೆಂಗಸು ಬೈಕ್ ಮ್ಯಾಲೆ ಕಾಲಾಕಿ ಕುಂತ್ರೆ ಊರು ಏನಂತೈತೆ ಸಿಸ್ಟರ್?"

ತಮಿಳುನಾಡಿನಲ್ಲಿ ಪುದುಕೋಟೆ ಅಂತ ಒಂದು ಜಿಲ್ಲೆ ಇದೆ. ನಮ್ಮ ಹಾಗೇ ಒಣ ಸೀಮೆ. 1991ರ ಹೊತ್ತಿಗೆ ಅಲ್ಲಿ ಅರಿವೊಳಿ ಅನ್ನುವ ಸಾಕ್ಷರತಾ ಆಂದೋಲನ ನಡೆಯಿತು. ಆಗ ಜಿಲ್ಲಾಧಿಕಾರಿ ಆಗಿದ್ದ ಶೀಲಾರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲೂ ಕಲಿಸಬೇಕು ಅಂದರು. ಕೂಲಿ ಮಾಡುವವರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು ಸಾವಿರಾರು ಹೆಂಗಸರು ಕಲಿತರು. ಅಲ್ಲೂ ಊರು ಆಡಿಕೊಂಡಿತು. ಪತ್ರಕರ್ತ ಪಿ. ಸಾಯಿನಾಥ್ ಅವರು ಅಲ್ಲಿಗೆ ಹೋಗಿ ನೋಡಿ ಬರೆದಿದ್ದಾರೆ. ಲೇಡೀಸ್ ಸೈಕಲ್ ಸಾಲದೆ ಹೋದಾಗ ಹೆಂಗಸರು ಗಂಡಸರ ಸೈಕಲ್ಲನ್ನೇ ತೆಗೆದುಕೊಂಡರಂತೆ. ಕೆಲವರು ಬೇಕು ಅಂತಲೇ ಅದನ್ನು ಆರಿಸಿಕೊಂಡರು, ಮುಂದಿನ ಅಡ್ಡ ಪಟ್ಟಿಯ ಮೇಲೆ ಮಗುವನ್ನು ಕೂರಿಸಬಹುದು ಅಂತ! ಗಂಡಸರದು, ಹೆಂಗಸರದು ಅನ್ನುವುದು ಗಾಡಿಯಲ್ಲಿಲ್ಲ, ನಮ್ಮ ತಲೆಯಲ್ಲಿದೆ.

ಇನ್ನು 2018ರ ಗಣರಾಜ್ಯೋತ್ಸವದಲ್ಲಿ ಗಡಿ ಭದ್ರತಾ ಪಡೆಯ ಸೀಮಾ ಭವಾನಿ ಅನ್ನುವ ಹೆಣ್ಣುಮಕ್ಕಳ ತಂಡ ದೆಹಲಿಯ ರಾಜಪಥದಲ್ಲಿ ಮೋಟಾರ್ ಸೈಕಲ್ ಸಾಹಸ ತೋರಿಸಿದ್ದನ್ನು ಟಿವಿಯಲ್ಲಿ ಕೆಲವರು ನೋಡಿರಬಹುದು. ಅವರ ಹಾಗೆ ಗಾಡಿ ಮೇಲೆ ನಿಲ್ಲುವುದು ನಮಗೆ ಬೇಡ. ಕೂತು ಆಸ್ಪತ್ರೆ ಮುಟ್ಟಿದರೆ ಸಾಕು.

ಊರು ಮೊದಲ ವಾರ ನೋಡುತ್ತದೆ, ಎರಡನೇ ವಾರ ನಗುತ್ತದೆ, ಮೂರನೇ ವಾರ "ತಂಗೀ, ಕೊಟ್ಟೂರಿಗೆ ಹೊಂಟಿಯೇನು, ನನ್ನೂ ಬಿಡು" ಅನ್ನುತ್ತದೆ. ಇದು ನಾನು ಕಂಡ ಮಾತು.

ಆ ಹೊಲದ ಮನೆಯ ತಂಗಿಯ ವಿಷಯ ಹೇಳಿ ಮುಗಿಸುತ್ತೇನೆ. ಸುಗ್ಗಿ ಮುಗಿದ ಮೇಲೆ ಅವಳ ತಮ್ಮ ಬಂದು, ಅವರದೇ ಕಣದಲ್ಲಿ ಹದಿನೈದು ದಿನ ಕಲಿಸಿದ. ಎರಡು ಸಲ ಬಿದ್ದಳು, ಮೊಣಕಾಲು ತರಚಿತು. ಗಂಡ ಮೊದಲು ಮುಖ ಗಂಟು ಹಾಕಿದ. ಆಮೇಲೆ ತಾನೇ ಹಿಂದೆ ಓಡುತ್ತ, "ಕ್ಲಚ್, ಕ್ಲಚ್" ಅಂತ ಕೂಗುತ್ತಿದ್ದನಂತೆ. ಈಗ ಅವಳ ಹತ್ತಿರ ಎಲ್‌ಎಲ್ ಇದೆ. ಮೊನ್ನೆ ಫೋನ್ ಮಾಡಿ, "ಸಿಸ್ಟರ್, ಕೆರೆ ಏರಿ ಹತ್ತಿಸಿದೆ, ಬಂದ್ ಬೀಳಲಿಲ್ಲ" ಅಂದಳು. ಬ್ಯಾಂಕ್ ಸಾಲ ಮಂಜೂರಾದಾಗಲೂ ಅವಳ ದನಿಯಲ್ಲಿ ಅಷ್ಟು ಸಂತೋಷ ಕೇಳಿರಲಿಲ್ಲ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಬಾಗಿಲ ಮುಂದೆ ನಿಂತಿರುವ ಗಾಡಿ ಮೇಲೆ ಎಂಜಿನ್ ಬಂದ್ ಇರುವಾಗಲೇ ಒಮ್ಮೆ ಕೂತು ನೋಡಿ. ಎಡಗೈಯಲ್ಲಿ ಕ್ಲಚ್ ಹಿಡಿದು, ಮೆಲ್ಲಗೆ ಬಿಡಿ. ಅಷ್ಟು ಸಾಕು, ಇವತ್ತಿಗೆ.



ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ ಎಷ್ಟು ಸದಸ್ಯರ ಮನೆಯಲ್ಲಿ ಬೈಕ್ ಇದೆ? ಅದರಲ್ಲಿ ಎಷ್ಟಕ್ಕೆ ಸಂಘದ ಸಾಲ ಹೋಗಿದೆ? ಓಡಿಸಲು ಬರುವ ಸದಸ್ಯರು ಎಷ್ಟು?

2. ನಮ್ಮ ಊರಿನಲ್ಲಿ ಕಲಿಯಲು ಸುರಕ್ಷಿತ ಜಾಗ ಯಾವುದು? ಲೈಸೆನ್ಸ್ ಇರುವವರಲ್ಲಿ ಕಲಿಸಲು ಒಪ್ಪುವವರು ಯಾರು?

3. ಕಲಿಕಾ ಲೈಸೆನ್ಸಿಗೆ ಮೂರು ನಾಲ್ಕು ಸದಸ್ಯರು ಒಟ್ಟಿಗೆ ಅರ್ಜಿ ಹಾಕಬಹುದೇ? ಹೆಲ್ಮೆಟ್ ಕೊಳ್ಳಲು ಸಂಘದಿಂದ ಸಣ್ಣ ಸಾಲ ಕೊಡಬಹುದೇ?

4. ರಾತ್ರಿ ಹೊತ್ತು ಯಾರಿಗಾದರೂ ಕಾಯಿಲೆಯಾದರೆ ನಮ್ಮ ಓಣಿಯಿಂದ ಆಸ್ಪತ್ರೆಗೆ ಹೋಗುವ ದಾರಿ ಏನು? ಇದನ್ನು ಇಂದೇ ಮಾತಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.